ದೊರೆಯ ಕೆಂಪು ದೀಪ

ನಮ್ಮ ಭಾವನ ಕಸುಬು ಹಲ್ಲು ಮಾಡುವುದು. ಹಲ್ಲು ಕೀಳುವ ಡಾಕ್ಟರುಗಳು ಬೇರೆ; ಅವರು ಕಿತ್ತ ಜಾಗಕ್ಕೆ ಹೊಸ ಹಲ್ಲು ತಯಾರಿಸಿ ಕಳಿಸುವವರು ಇವರು. ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಒಂದು ಮೇಜು, ಅದರ ತುಂಬ ಯಾರು ಯಾರದೋ ಬಾಯಿಗಳ ಪ್ಲಾಸ್ಟರ್ ಅಚ್ಚು, ಒಂದು ಪುಟ್ಟ ಗ್ರೈಂಡರು, ಮೇಣ ಕರಗಿಸುವ ಸ್ಪಿರಿಟ್ ದೀಪ. ಒಳಗೆ ಕಾಲಿಟ್ಟರೆ ಬಿಳಿ ಪುಡಿ ಮೂಗಿಗೇರಿ ಸೀನು ಬರುತ್ತದೆ. ಅವರು ಮಾಡಿದ ಹಲ್ಲನ್ನು ಹುಟ್ಟಿದ ಹಲ್ಲಿನ ಪಕ್ಕ ಇಟ್ಟರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಹಳದಿ ಎಷ್ಟಿರಬೇಕು, ಅಂಚು ಎಷ್ಟು ಸವೆದಿರಬೇಕು, ಎಲ್ಲ ಬೆರಳ ತುದಿಯಲ್ಲಿ. ಇಷ್ಟೊಂದು ಹಲ್ಲು ಮಾಡಿದ ಮನುಷ್ಯ ತನ್ನ ಹಲ್ಲು ತೋರಿಸಿದ್ದು ಮಾತ್ರ ಅಪರೂಪ.

ನಾನು ಅವರ ಹೆಂಡತಿಯ ತಮ್ಮ. ಸಿಟಿ ಬಸ್ಸು ಓಡಿಸುತ್ತೇನೆ. ಹಾಗಾಗಿ ಕಾರಿನವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಭಾವನೇ ಕಾರಿನವರಾದ ಮೇಲೆ ಅವರನ್ನು ಕಿಚಾಯಿಸುವುದು ನನ್ನ ಹಕ್ಕು ಅಂದುಕೊಂಡಿದ್ದೆ. ಈಗ ಕಿಚಾಯಿಸುವುದಿಲ್ಲ.

ಕಾರು ಬಂದದ್ದು ಅಕ್ಕನಿಗಾಗಿ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಭಾವ ಶೋಕಿಗೆ ಬಿದ್ದವರು ಅಂತ ಜನ ತಿಳಿಯುತ್ತಾರೆ. ಮೊದಲು ಅವರಲ್ಲಿದ್ದದ್ದು ಸ್ಕೂಟರು. ಒಂದು ತಿರುವಿನಲ್ಲಿ ಯಾರೋ ಪುಣ್ಯಾತ್ಮ ಕಾರು ತಾಗಿಸಿ ನಿಲ್ಲಿಸದೆ ಹೋದ. ಭಾವನ ಮೊಣಕೈ ತರಚಿತು, ಹಿಂದೆ ಕೂತಿದ್ದ ಅಕ್ಕನ ತೊಡೆಮೂಳೆ ಮುರಿಯಿತು. ರಾಡು ಹಾಕಿದ ಮೇಲೆ ಕಾಲು ಸರಿಹೋಯಿತು, ಭಯ ಸರಿಹೋಗಲಿಲ್ಲ. ಮೂರು ಮನೆ ಆಚೆಗೂ ಕೇಳಿಸುವ ಗಂಟಲು ಅವಳದು. ತರಕಾರಿಯವನಿಂದ ಹಿಡಿದು ಕೌನ್ಸಿಲರ್‌ವರೆಗೆ ಯಾರನ್ನೂ ಬಿಟ್ಟವಳಲ್ಲ. ಅಂಥವಳು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರೆ ಗಡಗಡ ನಡುಗುತ್ತಿದ್ದಳು. ನನ್ನ ಬಸ್ಸಿಗೇ ಹತ್ತಲಿಲ್ಲ. "ನೀನು ಓಡಿಸ್ತೀಯ ಸರಿ ಕಣೋ, ಎದುರಿಗೆ ಬರೋನೂ ನೀನೇನಾ?" ಅಂದಳು. ಎರಡು ವರ್ಷ ಎಲ್ಲಿಗೆ ಹೋಗಬೇಕಾದರೂ ನಡೆದೇ ಹೋದಳು. ನಡೆದು ಹೋಗಲಾಗದ ಕಡೆಗೆ ಹೋಗಲೇ ಇಲ್ಲ.

ಭಾವ ಒಂದು ದಿನ ನನ್ನನ್ನು ಕರೆದುಕೊಂಡು ಊರಾಚೆ ಹಳೆ ಕಾರು ಮಾರುವ ಬಯಲಿಗೆ ಹೋದರು. ಅಲ್ಲಿ ಅದು ನಿಂತಿತ್ತು, ಕಪ್ಪಗೆ, ಉದ್ದಕ್ಕೆ, ಮಂತ್ರಿಗಳ ಕಾರಿನ ಹಾಗೆ. ಯಾವನೋ ಸಿರಿವಂತ ಹತ್ತು ವರ್ಷ ಮೆರೆದು, ರಿಪೇರಿ ಶುರುವಾಗುವ ಹೊತ್ತಿಗೆ ಸರಿಯಾಗಿ ಕೈ ತೊಳೆದುಕೊಂಡ ಕಾರು. ಹೊಸ ಸಣ್ಣ ಕಾರಿಗೆ ಆಗುವಷ್ಟೇ ದುಡ್ಡಿಗೆ ಸಿಗುತ್ತಿತ್ತು. ಭಾವ ಬಾಗಿಲು ಮುಚ್ಚಿ ತೆಗೆದು, ಮುಚ್ಚಿ ತೆಗೆದು ಸದ್ದು ಕೇಳಿದರು. ಧಪ್ ಅಂತ ಗೋದಾಮಿನ ಬಾಗಿಲು ಮುಚ್ಚಿದ ಹಾಗೆ. "ಎಂಟು ಗಾಳಿಚೀಲ ಇದೆ, ಏರ್‌ಬ್ಯಾಗು. ಅವಳನ್ನ ಇದರೊಳಗೆ ಕೂರಿಸ್ತೀನಿ," ಅಂದರು.

ಅಕ್ಕ ಮೊದಲು ನಿಂತ ಕಾರಿನಲ್ಲಿ ಕೂತಳು. ಆಮೇಲೆ ಬೀದಿಯ ಕೊನೆಯವರೆಗೆ. ಆಮೇಲೆ ಮಾರುಕಟ್ಟೆವರೆಗೆ. ಒಂದು ಭಾನುವಾರ ನನ್ನ ಮನೆ ಮುಂದೆ ಕಾರು ನಿಂತು, ಮುಂದಿನ ಸೀಟಿನ ಕಿಟಕಿ ಇಳಿದು, "ಲೋ, ಎದ್ದಿಲ್ವೇನೋ ಸೋಮಾರಿ!" ಅನ್ನುವ ಗಂಟಲು ಕೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳುವುದಿಲ್ಲ.

ಕಾರಿಗೆ ದೊರೆ ಅಂತ ಹೆಸರಿಟ್ಟವನು ನಾನು. ಅದರ ಚಕ್ರಗಳ ಮೇಲೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಇತ್ತು. ಹಳೆಯದಾಗಿ ಅದು ಸೋರುತ್ತಿತ್ತು, ಹಾಗಾಗಿ ಬೆಳಗಾಗುವಷ್ಟರಲ್ಲಿ ಕಾರು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿರುತ್ತಿತ್ತು. ಭಾವ ಹಲ್ಲುಜ್ಜುತ್ತಲೇ ಹೋಗಿ ಇಂಜಿನ್ ಶುರು ಮಾಡಿ ಬರಬೇಕು. ಬಾಯಿ ಮುಕ್ಕಳಿಸಿ ಕಾಫಿ ಮುಗಿಸುವಷ್ಟರಲ್ಲಿ ಅದು ನಿಧಾನವಾಗಿ, ಹಿಂದಿನ ಭಾಗ ಮೊದಲು, ಎದ್ದು ನಿಲ್ಲುತ್ತಿತ್ತು. "ಏನು ಭಾವ, ದೊರೆ ಎದ್ದ್ರಾ?" ಅಂತ ನಾನು ಫೋನು ಮಾಡಿ ಕೇಳುತ್ತಿದ್ದೆ. "ಏಳ್ತಿದಾರೆ," ಅನ್ನುತ್ತಿದ್ದರು.

ದಿನಾ ಅದರಲ್ಲೇ ಹಲ್ಲು ಕೊಟ್ಟು ಬರುತ್ತಿದ್ದರು. ದಂತವೈದ್ಯ ತನ್ನ ಸಣ್ಣ ಕಾರನ್ನು ಗೋಡೆಗೊತ್ತಿ ನಿಲ್ಲಿಸಿದ್ದರೆ, ಹಲ್ಲು ತಲುಪಿಸುವವನು ದೊರೆಯಿಂದ ಇಳಿಯುತ್ತಿದ್ದ. ಗೇಟಿನ ಕಾವಲುಗಾರ ಸಲ್ಯೂಟು ಹೊಡೆಯುತ್ತಿದ್ದ. ತೊಗಲಿನ ಮುಂದಿನ ಸೀಟಿನ ಮೇಲೆ, ಸೀಟಿನ ಕೆಳಗೆ, ಎಲ್ಲ ಕಡೆ ಪ್ಲಾಸ್ಟರ್ ಅಚ್ಚಿನ ಡಬ್ಬಿಗಳು. ಭಾನುವಾರ ಭಾವ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋಗುತ್ತಿದ್ದರು. ಅಲ್ಲಿ ಇಂಥದೇ ಹಳೆ ದೊರೆಗಳನ್ನು ಸಾಕಿಕೊಂಡವರ ಸಂತೆ: ಒಬ್ಬ ಕ್ಷೌರಿಕ, ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಫೋಟೋ ಸ್ಟುಡಿಯೋದವನು. ವಯಸ್ಸಾದವರು ಸೇರಿದರೆ ಮಂಡಿನೋವಿನ ಮಾತಾಡುವ ಹಾಗೆ ಅವರು ದೀಪಗಳ ಮಾತಾಡುತ್ತಿದ್ದರು. ಸ್ಟೀರಿಂಗಿನ ಹಿಂದೆ ಹತ್ತಿಕೊಳ್ಳುವ ಎಚ್ಚರಿಕೆಯ ದೀಪಗಳು. "ನಿಮ್ಮದರಲ್ಲಿ ಎಷ್ಟು ಉರೀತಿದೆ?" "ಮೂರು. ಒಂದು ಸುಳ್ಳು, ಎರಡು ನಿಜ." ಯಾವ ದೀಪ ಸುಳ್ಳು ಹೇಳುತ್ತದೆ, ಯಾವುದು ನಿಜ ಹೇಳುತ್ತದೆ ಅನ್ನುವುದೇ ಅವರ ವಿದ್ಯೆ. ಅವರ ಬಾಯಲ್ಲಿ ರಿಪೇರಿ ಅನ್ನುವ ಮಾತೇ ಕಡಿಮೆ. ದೀಪ ಆರಿಸಿದೆ ಅನ್ನುತ್ತಿದ್ದರು. ದೀಪ ಆರಿದರೆ ಕಾರು ಸರಿಯಾದ ಲೆಕ್ಕ.

ಒಂದು ದಿನ ದೊರೆಯಲ್ಲಿ ಕೆಂಪು ದೀಪ ಹತ್ತಿತು. ಕೂತ ಮನುಷ್ಯನ ಮುಂದೆ ಒಂದು ಚೆಂಡು, ಅಂಥ ಚಿತ್ರ. ಗಾಳಿಚೀಲದ ದೀಪ. ಅಕ್ಕನಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅದೇನದು ಕೆಂಪಗೆ?"

"ಏನಿಲ್ಲ, ಸೀಟಿನ ಕೆಳಗೆ ಪ್ಲಗ್ಗು ಸಡಿಲ ಆಗಿದೆ. ಡಬ್ಬಿ ತಗುಲಿರಬೇಕು. ಸುಳ್ಳು ದೀಪ."

"ಸುಳ್ಳೋ ನಿಜವೋ, ಅದು ಉರೀತಿರೋವರೆಗೆ ನಾನು ಹತ್ತಲ್ಲ."

ಹತ್ತಲಿಲ್ಲ. ಮತ್ತೆ ನಡಿಗೆ, ಮತ್ತೆ ಮನೆ. ಮೆಕ್ಯಾನಿಕ್ ನೋಡಿ, ಪ್ಲಗ್ಗಿನ ಒಳಗಿನ ಹಲ್ಲು ಸವೆದುಹೋಗಿದೆ, ಹೊಸದು ಬೇಕಾದರೆ ತಂತಿಯ ಇಡೀ ಕಟ್ಟು ತರಿಸಬೇಕು, ಬರುವುದು ಯಾವ ಕಾಲಕ್ಕೋ. ಗುಜರಿಗೆ ಇಂಥದೇ ಕಾರು ಬಂದಾಗ ಕಿತ್ತು ಕೊಡುತ್ತೇನೆ, ಕಾಯಿರಿ ಅಂದ. ಭಾವ ಕಾದರು. ಅಕ್ಕ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಗಂಟಲು ಮತ್ತೆ ಸಣ್ಣದಾಗುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಭಾವನ ತಾಳ್ಮೆ ಮುಗಿಯಿತು. ಒಂದು ಮಧ್ಯಾಹ್ನ ತಮ್ಮ ಹಲ್ಲಿನ ಕೋಣೆಯಿಂದ ಬೆಸುಗೆಯ ಕಡ್ಡಿ ತಂದು ಸೀಟಿನ ಕೆಳಗೆ ತಲೆ ಹಾಕಿದರು. ಹತ್ತು ನಿಮಿಷ. ದೀಪ ಆರಿತು. ಅಕ್ಕ ಬಂದು ಬಗ್ಗಿ ನೋಡಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದೆ ಕೂತಳು. "ಮೊದಲೇ ಮಾಡೋಕೆ ಏನು ದಾಡಿ ಆಗಿತ್ತು ನಿಮಗೆ?"

ಅವರು ಮಾಡಿದ್ದೇನು ಅಂತ ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಆದರೂ ಇಲ್ಲೇ ಹೇಳಿಬಿಡುತ್ತೇನೆ. ಅಕ್ಕನ ಸೀಟಿನ ಪಕ್ಕದ ಅಂಚಿನೊಳಗೆ ಒಂದು ಗಾಳಿಚೀಲ ಇರುತ್ತದೆ. ಬಾಗಿಲಿನ ಕಡೆಯಿಂದ ಪೆಟ್ಟು ಬಿದ್ದರೆ ಪಕ್ಕೆಲುಬಿಗೆ ಅಡ್ಡ ನಿಲ್ಲುವುದು ಅದು. ಅದಕ್ಕೆ ಹೋಗುವ ತಂತಿ ಸೀಟಿನ ಕೆಳಗಿನ ಹಳದಿ ಪ್ಲಗ್ಗಿನ ಮೂಲಕ ಹೋಗುತ್ತದೆ. ಕಾರು ಆ ತಂತಿಯಲ್ಲಿ ಸದಾ ಕೂಗಿ ಕೇಳುತ್ತಿರುತ್ತದಂತೆ, ಇದ್ದೀಯಾ ಅಂತ. ಇದ್ದೀನಿ ಅಂತ ಚೀಲ ಹೇಳಬೇಕು. ಹೇಳದಿದ್ದರೆ ದೀಪ ಹತ್ತುತ್ತದೆ. ಭಾವ ಹಳದಿ ಪ್ಲಗ್ಗನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಅಕ್ಕಿಕಾಳಿನಷ್ಟು ದೊಡ್ಡ ರೆಸಿಸ್ಟರನ್ನು ಬೆಸೆದಿದ್ದರು. ಚೀಲದ ಬದಲಿಗೆ ಇದ್ದೀನಿ ಅನ್ನುವುದು ಅದರ ಕೆಲಸ. ಶೆಡ್ಡಿನವರೆಲ್ಲ ಬಲ್ಲ ಉಪಾಯ. ಕಾರಿಗೆ ಸಮಾಧಾನ, ದೀಪಕ್ಕೆ ಸಮಾಧಾನ, ಅಕ್ಕನಿಗೆ ಸಮಾಧಾನ. ಚೀಲ ಮಾತ್ರ ಯಾವ ತಂತಿಯೂ ಇಲ್ಲದೆ ಸೀಟಿನೊಳಗೆ ಸತ್ತು ಮಲಗಿತ್ತು.

ಸದ್ಯಕ್ಕೆ ಅಂತ ಮಾಡಿದ್ದು. ಗುಜರಿಯಿಂದ ಪ್ಲಗ್ಗು ಸಿಕ್ಕ ಕೂಡಲೇ ಹಾಕಿಸುವುದು ಅಂತಲೇ ಇತ್ತು. ಆದರೆ ಉರಿಯದ ದೀಪದ ನೆನಪು ಯಾರಿಗಿರುತ್ತದೆ? ಗಾಳಿ ಸೋರುವುದು ನೋಡಬೇಕು, ಗೇರ್‌ಬಾಕ್ಸಿನ ಎಣ್ಣೆ ನೋಡಬೇಕು, ಚಳಿಗಾಲದಲ್ಲಿ ಎದ್ದು ನಿಲ್ಲದ ದೊರೆಯನ್ನು ಎಬ್ಬಿಸಬೇಕು. ಮೂರು ವರ್ಷ ಹೋಯಿತು. ಅಕ್ಕ ಆ ಸೀಟಿನಲ್ಲಿ ಕೂತು ಊರೆಲ್ಲ ತಿರುಗಿದಳು, ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರ ಜೊತೆ ಜಗಳ ಆಡಿದಳು, ತೊಡೆಯ ಮೇಲೆ ಹಲ್ಲಿನ ಡಬ್ಬಿ ಇಟ್ಟುಕೊಂಡು ಗಂಡನಿಗೆ ದಾರಿ ಹೇಳಿದಳು.

ಅವತ್ತೂ ತೊಡೆಯ ಮೇಲೆ ಡಬ್ಬಿ ಇತ್ತು. ನಾಲ್ಕು ದಾರಿ ಸೇರುವ ಕಡೆ, ಹಾಡುಹಗಲು, ಸಿಮೆಂಟಿನ ಮೂಟೆ ಹೇರಿದ ಒಂದು ವ್ಯಾನು ಕೆಂಪು ಸಿಗ್ನಲ್ ದಾಟಿ ಬಂದು ಅಕ್ಕನ ಬಾಗಿಲಿಗೆ ನೇರವಾಗಿ ಹೊಡೆಯಿತು. ಕಿಟಕಿಯ ಮೇಲಂಚಿನೊಳಗಿದ್ದ ಇನ್ನೊಂದು ಚೀಲ ಬಿಚ್ಚಿಕೊಂಡು ಪರದೆಯ ಹಾಗೆ ಇಳಿದು ಅವಳ ತಲೆ ಉಳಿಸಿತು. ಸೀಟಿನದು ಬಿಚ್ಚಲಿಲ್ಲ. ಬಾಗಿಲು ಒಳಗೆ ಬಂದು ಅವಳ ಪಕ್ಕೆ ಮುರಿಯಿತು. ಮುರಿದ ಎಲುಬು ಶ್ವಾಸಕೋಶಕ್ಕೆ ಚುಚ್ಚಿತು. ಭಾವನಿಗೆ ಒಂದು ಗೀರೂ ಇರಲಿಲ್ಲ. ನಾನು ಆಸ್ಪತ್ರೆಗೆ ಓಡಿಹೋದಾಗ ಅವರು ಕಾರಿಡಾರಿನ ಬೆಂಚಿನ ಮೇಲೆ ಡಬ್ಬಿ ಹಿಡಿದು ಕೂತಿದ್ದರು. ಒಳಗೆ ಯಾರದೋ ಹಲ್ಲಿನ ಸೆಟ್ಟು ಒಂಚೂರೂ ಒಡೆಯದೆ ಕೂತಿತ್ತು.

ಡಾಕ್ಟರು ಒಂದು ಶ್ವಾಸಕೋಶದ ಅರ್ಧ ತೆಗೆದರು. ಅಕ್ಕ ಬದುಕಿದಳು. ಅವಳಿಗೆ ಎಚ್ಚರವಾಗುವ ಮೊದಲೇ ನಾನು ಸಂತೋಷಪಟ್ಟೆ. ಅವಳು ಆಸ್ಪತ್ರೆಯಲ್ಲಿರುವಾಗಲೇ ಒಂದು ದಿನ ಭಾವ, ಕಾರಿನಲ್ಲಿ ಸಾಮಾನು ಉಳಿದಿದೆ, ಬಾ ಅಂದರು. ಗುಜರಿ ಅಂಗಳದಲ್ಲಿ ದೊರೆ ಒಂದು ಕಡೆ ಹೊಟ್ಟೆ ಒಳಗೆ ಎಳೆದುಕೊಂಡು ಬಿದ್ದಿತ್ತು. ಭಾವ ಸಾಮಾನು ಮುಟ್ಟಲೇ ಇಲ್ಲ. ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿ, ಏನನ್ನೋ ಕಿತ್ತು, ಅಂಗೈ ಮೇಲೆ ಇಟ್ಟು ತೋರಿಸಿದರು. ಎಲ್ಲವನ್ನೂ ಹೇಳಿದರು. ನನ್ನ ಮೈ ಉರಿದುಹೋಯಿತು. ಅವರ ಕುತ್ತಿಗೆಪಟ್ಟಿ ಹಿಡಿದುಬಿಟ್ಟೆ. ಅವರು ಬಿಡಿಸಿಕೊಳ್ಳಲಿಲ್ಲ. "ಹೊಡಿ," ಅಂದರು, "ಆದರೆ ಅವಳಿಗೆ ಹೇಳಬೇಡ. ಹೇಳಿದರೆ ಅವಳು ಮೊದಲು ತನ್ನನ್ನೇ ಕೇಳ್ಕೊಳ್ಳೋದು, ದೀಪ ಆರಿಸಿ ಅಂತ ಹಟ ಹಿಡಿದಿದ್ದು ಯಾರು ಅಂತ." ನನ್ನ ಕೈ ತಾನೇ ಸಡಿಲವಾಯಿತು.

ಅಕ್ಕ ಮನೆಗೆ ಬಂದಳು. ಆ ಗಂಟಲು ಆಸ್ಪತ್ರೆಯಲ್ಲೇ ಉಳಿಯಿತು. ಒಂದು ಮಾತು ಮುಗಿಸಬೇಕಾದರೆ ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕು. ಮಲಗಿದರೆ ಕಟ್ಟುತ್ತದೆ ಅಂತ ದಿಂಬಿಗೆ ಒರಗಿ ಕೂತೇ ನಿದ್ದೆ. ಜಗಳ ಆಡಲು ಬಂದ ತರಕಾರಿಯವನು ಅವಳ ದನಿ ಕೇಳಿ, ಅವಳು ಹೇಳಿದ ಬೆಲೆಗೇ ಕೊಟ್ಟು ಹೋದ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅವಮಾನ.

ಇದ್ದಬದ್ದ ಉಸಿರನ್ನೆಲ್ಲ ಅವಳು ಒಂದೇ ಮಾತಿಗೆ ಖರ್ಚು ಮಾಡುತ್ತಿದ್ದಳು. ನೋಡಲು ಯಾರೇ ಬರಲಿ, "ಆ ಕಾರು ಇಲ್ದಿದ್ರೆ... ನಾನು ಅವತ್ತೇ ಹೋಗ್ತಿದ್ದೆ. ನಮ್ಮೋರು ನನಗೋಸ್ಕರ... ಅಂಥ ಕಾರು ತಂದ್ರು. ಅದೇ ನನ್ನ ಉಳಿಸ್ತು." ಮಾತು ಶುರುವಾದ ಕೂಡಲೇ ಭಾವ ಎದ್ದು ಹಿಂದಿನ ಕೋಣೆಗೆ ಹೋಗುತ್ತಿದ್ದರು. ಗ್ರೈಂಡರಿನ ಸದ್ದು ಕೇಳಿಸುತ್ತಿತ್ತು. ಒಮ್ಮೆ ಇಣುಕಿ ನೋಡಿದೆ. ಕೈಯಲ್ಲಿ ಹಲ್ಲೂ ಇಲ್ಲ, ಅಚ್ಚೂ ಇಲ್ಲ. ಗ್ರೈಂಡರ್ ಸುಮ್ಮನೆ ತಿರುಗುತ್ತಿತ್ತು.

ವಿಚಿತ್ರವೆಂದರೆ ಅಕ್ಕನ ಭಯ ಹೋಗಿಬಿಟ್ಟಿತು. ಅಷ್ಟು ದೊಡ್ಡ ಪೆಟ್ಟಿನಿಂದ ಕಾರು ಉಳಿಸಿದೆ ಅಂದ ಮೇಲೆ ಇನ್ನೇನು? ಅಂಥದೇ ಇನ್ನೊಂದು ತನ್ನಿ ಅಂತ ಬೆನ್ನು ಹತ್ತಿದಳು. ಭಾವ ತಂದರು, ಅದೇ ಜಾತಿಯದು, ಬೂದು ಬಣ್ಣ. ಮೂವರು ಮೆಕ್ಯಾನಿಕ್ಕುಗಳಿಂದ ಅದರ ಹಳದಿ ಪ್ಲಗ್ಗುಗಳನ್ನೆಲ್ಲ ಪರೀಕ್ಷೆ ಮಾಡಿಸಿದರು. ಆದರೂ ಕೀ ತಿರುಗಿಸಿದಾಗ ಎಲ್ಲ ದೀಪಗಳೂ ಒಂದು ಕ್ಷಣ ಹತ್ತಿ ಆರುತ್ತವಲ್ಲ, ಕೆಂಪು ದೀಪ ಆರಿದ್ದನ್ನು ನೋಡಿ ಇನ್ನೊಮ್ಮೆ ಕೀ ತಿರುಗಿಸುತ್ತಿದ್ದರು, ಮತ್ತೊಮ್ಮೆ. "ಆರಿತಲ್ಲ, ಹೊರಡಿ," ಅನ್ನುತ್ತಿದ್ದಳು ಅಕ್ಕ. ಹಿಂದಿನ ಸೀಟಿನಲ್ಲಿ ಕೂರು ಅಂದರೆ ಕೇಳುತ್ತಿರಲಿಲ್ಲ.

ಹೀಗೇ ಸಾಗುತ್ತಿತ್ತೋ ಏನೋ. ಮೂಲೆಯ ಔಷಧಿ ಅಂಗಡಿಯವನು ಬಂದು ಕೆಡಿಸಿದ. ಅಥವಾ ಸರಿ ಮಾಡಿದ. ಒಂದು ಬೆಳಿಗ್ಗೆ, ನಾನೂ ಅಲ್ಲೇ ಇದ್ದೆ, ಮನೆ ಮುಂದೆ ಉದ್ದನೆಯ ಬಿಳಿ ಕಾರು ಬಂದು ನಿಂತಿತು. ಮುಂದೆ ಅವನ ಹೆಂಡತಿ, ಅವಳ ಮಡಿಲಲ್ಲಿ ಕೂಸು. ಅವನ ಮುಖ ಊರಗಲ ಆಗಿತ್ತು.

"ಅಕ್ಕಾ, ನಿಮ್ಮ ಮಾತು ಕೇಳಿ ತಗೊಂಡೇಬಿಟ್ಟೆ ನೋಡಿ. ಹಳೇದೇ ಇರಲಿ, ಗಟ್ಟಿ ಇರಬೇಕು ಅಂದ್ರಲ್ಲ. ಇದೊಂದು ಕೆಂಪು ದೀಪ ಮಾತ್ರ ಆರ್ತಾನೇ ಇಲ್ಲ."

ಜಗಲಿಯ ಮೇಲೆ ದಿಂಬಿಗೆ ಒರಗಿದ್ದ ಅಕ್ಕನಿಗೆ ಹೆಮ್ಮೆಯೋ ಹೆಮ್ಮೆ. "ಅದಕ್ಯಾಕೆ ತಲೆ ಕೆಡಿಸ್ಕೋತೀಯ... ನಮ್ಮದರಲ್ಲೂ ಇತ್ತು. ನಮ್ಮೋರು ಹತ್ತು ನಿಮಿಷದಲ್ಲಿ... ಆರಿಸಿಕೊಡ್ತಾರೆ. ರೀ, ಬನ್ರಿ ಇಲ್ಲಿ."

ಭಾವ ಕೈಯ ಪುಡಿ ಒರೆಸಿಕೊಳ್ಳುತ್ತ ಬಂದರು. ದೀಪ ನೋಡಿದರು. ಕೂಸಿನ ಸಮೇತ ಅವನ ಹೆಂಡತಿಯನ್ನು ಇಳಿಸಿ, ಬಗ್ಗಿ ಸೀಟಿನ ಕೆಳಗೆ ಟಾರ್ಚು ಬಿಟ್ಟರು. "ಬಿಡಿ ಭಾವ, ಆಮೇಲೆ ಶೆಡ್ಡಿಗೆ ಒಯ್ದರಾಯ್ತು," ಅಂದೆ. ಅವರು ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದು ಟಾರ್ಚು ಆರಿಸಿದರು.

"ಇದನ್ನ ಆರಿಸಬಾರದು. ಪ್ಲಗ್ಗು ಹೊಸದು ಹಾಕಿಸು. ಹಾಕಿಸೋವರೆಗೆ ಇವರನ್ನ ಇಲ್ಲಿ ಕೂರಿಸಬೇಡ."

"ನಿಮ್ಮ ಕಾರಲ್ಲಿ ಆರಿಸಿದ್ರಂತಲ್ಲ ಸಾರ್?"

"ಆರಿಸಿದ್ದೆ."

"ಮತ್ತೆ? ಅಕ್ಕನ್ನ ಉಳಿಸ್ತಲ್ಲ ಅದು."

ಭಾವ ಅವನ ಕಡೆ ನೋಡಲಿಲ್ಲ, ಅಕ್ಕನ ಕಡೆ ತಿರುಗಿದರು. ಡಾಕ್ಟರಿಗೆ ಹಲ್ಲಿನ ಅಳತೆ ಹೇಳುವ ದನಿಯಲ್ಲೇ ಹೇಳಿದರು. "ಮೇಲಿನ ಚೀಲ ಬಿಚ್ಕೊಳ್ತು, ಅದಕ್ಕೆ ತಲೆ ಉಳೀತು. ಪಕ್ಕದ್ದು ಬಿಚ್ಕೊಳ್ಳಲಿಲ್ಲ. ನಾನೇ ಅದರ ತಂತಿ ಕತ್ತರಿಸಿದ್ದೆ. ದೀಪ ಆರಿಸೋಕೆ."

ಕೂಸು ಕಾರಿನ ಬಾಗಿಲಿಗೆ ಪಟಪಟ ಬಡಿಯುತ್ತಿತ್ತು. ಅಕ್ಕನ ಕೈ ಮೆಲ್ಲಗೆ ತನ್ನ ಪಕ್ಕೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಅವಳು ಬೈಯಲಿ ಅಂತ ನಾನು ಕಾದೆ. ಕೂಗಾಡಲಿ, ದಿಂಬು ಎಸೆಯಲಿ. ಅವಳು ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ಹಿಂದೆಯೇ ಹೋದೆ. ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. "ನಿನಗೆ ಗೊತ್ತಿತ್ತಾ?" ಅಂದಳು. ಗೊತ್ತಿತ್ತು ಅಂದೆ. ಉಸಿರು ಹಿಡಿದುಕೊಂಡಳು, ಬಿಟ್ಟಳು, ಮತ್ತೆ ಹಿಡಿದುಕೊಂಡಳು. "ದೀಪ ಆರೋವರೆಗೆ... ಹತ್ತಲ್ಲ ಅಂದೋಳು ನಾನು ಕಣೋ." ಅಷ್ಟೇ. ಆ ವಿಷಯ ಆಮೇಲೆ ನನ್ನ ಹತ್ತಿರ ಎತ್ತಲಿಲ್ಲ. ಅವರಿಬ್ಬರೂ ಮಾತಾಡಿಕೊಂಡರೋ ಇಲ್ಲವೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಔಷಧಿಯವನು ಪ್ಲಗ್ಗು ಹಾಕಿಸಿಕೊಂಡ. ಭಾವ ಬೂದು ಕಾರು ಮಾರಿದರು. ಅಕ್ಕ ಹತ್ತುವುದನ್ನು ಮತ್ತೆ ಬಿಟ್ಟಿದ್ದಳು, ಅವರಿಗೆ ಇನ್ನು ಅದು ಯಾತಕ್ಕೆ? ಈಗ ಇಬ್ಬರೂ ನಡೆಯುತ್ತಾರೆ. ಅವಳು ಮುಂದೆ, ಕಂಬ ಕಂಬಕ್ಕೂ ನಿಂತು ಉಸಿರು ತೆಗೆದುಕೊಳ್ಳುತ್ತ. ಅವರು ಹಿಂದೆ, ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಹಲ್ಲಿನ ಡಬ್ಬಿ. ಅವಳು ನಿಂತರೆ ಅವರೂ ನಿಲ್ಲುತ್ತಾರೆ, ಹತ್ತಿರ ಬರುವುದಿಲ್ಲ.

ಮೊನ್ನೆ ನನ್ನ ಬಸ್ಸು ಮಾರುಕಟ್ಟೆ ಸ್ಟಾಪಿನಲ್ಲಿ ನಿಂತಾಗ ಇಬ್ಬರೂ ಅಲ್ಲೇ ಇದ್ದರು. ಅಕ್ಕ ಬೆಂಚಿನ ಮೇಲೆ ಕೂತಿದ್ದಳು, ಭಾವ ಪಕ್ಕದಲ್ಲಿ ನಿಂತಿದ್ದರು. ಯಾರೋ ಹಳೆ ಪರಿಚಯದ ಹೆಂಗಸು ಅವಳ ಕೈ ಹಿಡಿದುಕೊಂಡು ಕೇಳುತ್ತಿದ್ದಳು, "ಯಾಕಮ್ಮ ನಡ್ಕೊಂಡು ಬಂದ್ರಿ? ಎಲ್ಲಿ ನಿಮ್ಮ ಕಾರು? ನಿಮ್ಮ ಜೀವ ಉಳಿಸಿದ ಕಾರು?"

ಅಕ್ಕ ಗಂಡನ ಕಡೆ ಒಮ್ಮೆ ನೋಡಿದಳು. "ಹೂಂ ಕಣಮ್ಮ," ಅಂದಳು. ಉಸಿರು ತೆಗೆದುಕೊಂಡಳು. "ಅದೇ... ಉಳಿಸ್ತು. ನಮ್ಮೋರು ತಂದಿದ್ದು." ಮೊದಲು ನಂಬಿ ಹೇಳುತ್ತಿದ್ದಳು. ಈಗ ಅವರಿಗೋಸ್ಕರ ಹೇಳಿದಳು. ಎದ್ದು ಹೋಗಲು ಅಲ್ಲಿ ಭಾವನಿಗೆ ಹಿಂದಿನ ಕೋಣೆ ಇರಲಿಲ್ಲ. ಡಬ್ಬಿ ಎದೆಗೆ ಒತ್ತಿಕೊಂಡು ನಿಂತೇ ಇದ್ದರು.

ನಾನು ಬಸ್ಸಿನ ಬಾಗಿಲು ತೆರೆದು ಕಾದೆ. ಹಿಂದಿನಿಂದ ಹಾರನ್ನು ಶುರುವಾಯಿತು. ಅಕ್ಕ ನನ್ನ ಕಡೆ ನೋಡಿ, ಬೇಡ ಅಂತ ತಲೆಯಾಡಿಸಿದಳು. ಬಾಗಿಲು ಮುಚ್ಚಿ ಹೊರಟೆ.